ಲೆಸ್ಟ್ರೇಡನ ಪರವಾಗಿ ಎರಡು ಮಾತು

ನಮ್ಮ ವಿದ್ಯಾರ್ಥಿನಿಲಯದಲ್ಲಿ ‘ಲೆಸ್ಟ್ರೇಡ್’ ಎಂಬುದು ಒಂದು ಬೈಗುಳ. ಛತ್ರಿ ಕಳೆದುಕೊಂಡವನೊಬ್ಬ ಪಕ್ಕದ ಕೋಣೆಯವನ ಮೇಲೆ ಹರಿಹಾಯ್ದು, ಆಮೇಲೆ ಆ ಛತ್ರಿ ತನ್ನ ಮಂಚದ ಕೆಳಗೇ ಸಿಕ್ಕಿ ಪೆಚ್ಚಾದರೆ, ಒಂದು ವಾರ ಅವನನ್ನು ಆ ಹೆಸರಿನಿಂದ ಕರೆಯುವುದು ರೂಢಿ. ಷೆರ್ಲಾಕ್ ಹೋಮ್ಸನ ಕಥೆಗಳನ್ನು ಓದದವರೂ ಈ ಹೆಸರನ್ನು ಬಲ್ಲರು. ಓದಿದವರಿಗಂತೂ ಅದನ್ನು ಕೇಳಿದೊಡನೆ ತುಟಿಯಂಚಿನಲ್ಲಿ ನಗು. ನಾನೂ ಹಾಗೆ ನಕ್ಕವನೇ. ಆದರೆ ಕಳೆದ ಬೇಸಗೆಯ ರಜೆಯಲ್ಲಿ ಆ ಕಥೆಗಳನ್ನೆಲ್ಲ ಮತ್ತೊಮ್ಮೆ ಮೊದಲಿನಿಂದ ಓದುತ್ತ ಹೋದಾಗ ನಗು ಮೊದಲಿನಷ್ಟು ಸಲೀಸಾಗಿ ಬರಲಿಲ್ಲ. ಏಕೆ ಬರಲಿಲ್ಲವೆಂಬುದನ್ನು ಸಹಪಾಠಿಗಳ ಮುಂದೆಯೂ ಅಧ್ಯಾಪಕ ಮಹನೀಯರ ಮುಂದೆಯೂ ಅರಿಕೆ ಮಾಡಿಕೊಳ್ಳುವುದೇ ಈ ಬರಹದ ಉದ್ದೇಶ. ಹೋಮ್ಸನ ಭಕ್ತರು ಕೋಪಿಸಿಕೊಳ್ಳಬಾರದು; ನಾನೂ ಆ ಭಕ್ತಮಂಡಲಿಗೇ ಸೇರಿದವನು.

ಇನ್‌ಸ್ಪೆಕ್ಟರ್ ಲೆಸ್ಟ್ರೇಡ್ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿನ ಅಧಿಕಾರಿ. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಪ್ರಕಟಿಸಿದ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಎಂಬ ಮೊಟ್ಟಮೊದಲ ಹೋಮ್ಸ್ ಕಾದಂಬರಿಯಲ್ಲಿಯೇ ಅವನ ಪ್ರವೇಶವಾಗುತ್ತದೆ. 4 ಕಾದಂಬರಿ, 56 ಸಣ್ಣಕಥೆಗಳ ಆ ದೊಡ್ಡ ಸಂಸಾರದಲ್ಲಿ ಹೆಚ್ಚುಕಡಮೆ ಹನ್ನೆರಡು ಕಡೆ ಅವನ ಮುಖದರ್ಶನವಾಗುತ್ತದೆ. ಇಷ್ಟು ಸಲ ಬಂದು ಹೋದರೂ ಅವನ ಪೂರ್ತಿ ಹೆಸರೇನೆಂಬುದು ಓದುಗರಿಗೆ ತಿಳಿಯದು. ಒಂದು ಕಥೆಯಲ್ಲಿ ಅವನು ಬರೆದ ಕಾಗದದ ಕೊನೆಯಲ್ಲಿ ‘ಜಿ. ಲೆಸ್ಟ್ರೇಡ್’ ಎಂಬ ರುಜು ಇದೆ, ಅಷ್ಟೆ. ಹೋಮ್ಸ್ ತನ್ನ ಹೊಗೆಸೊಪ್ಪನ್ನು ಪರ್ಷಿಯಾ ದೇಶದ ಚಪ್ಪಲಿಯೊಂದರ ತುದಿಯಲ್ಲಿ ಇಡುತ್ತಿದ್ದನೆಂಬುದು ನಮಗೆ ಗೊತ್ತು. ಲೆಸ್ಟ್ರೇಡನಿಗೆ ಹೆಂಡತಿಮಕ್ಕಳು ಇದ್ದರೇ ಎಂಬುದು ಗೊತ್ತಿಲ್ಲ. ಕೆಲಸ ಮುಗಿಸಿ ಅವನು ಯಾವ ಮನೆಗೆ ಹೋಗುತ್ತಿದ್ದನೋ!

ಅವನ ರೂಪವನ್ನಾದರೋ ಕಥೆಗಾರ ಧಾರಾಳವಾಗಿ ವರ್ಣಿಸಿದ್ದಾನೆ. ಮೊದಲ ಕಾದಂಬರಿಯಲ್ಲಿ ಅವನದು ಇಲಿಯ ಮುಖ. 1891ರ ಬಾಸ್ಕಂ ಕಣಿವೆಯ ಕಥೆಗೆ ಬರುವ ಹೊತ್ತಿಗೆ ಅವನು ಫೆರೆಟ್ಟಿನಂತೆ ಕಾಣುತ್ತಾನೆ. ಫೆರೆಟ್ ಎಂದರೆ ಆ ದೇಶದಲ್ಲಿ ಇಲಿ ಮೊಲಗಳನ್ನು ಬಿಲದಿಂದ ಹೊರಡಿಸುವುದಕ್ಕೆ ಸಾಕುವ, ನಮ್ಮ ಮುಂಗುಸಿಯನ್ನು ನೆನಪಿಗೆ ತರುವ ಪ್ರಾಣಿ. ಮುಂದೆ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಕಾದಂಬರಿಯಲ್ಲಿ ಅವನು ಬುಲ್‌ಡಾಗ್ ನಾಯಿಯಾಗುತ್ತಾನೆ. ಹದಿನೈದು ವರ್ಷಗಳಲ್ಲಿ ಇಲಿಯಿಂದ ನಾಯಿಯವರೆಗೆ! ಸರಕಾರಿ ನೌಕರನಿಗೆ ಇಷ್ಟು ಬಡ್ತಿ ಸಿಕ್ಕುವುದೇ ದುರ್ಲಭ. ಇದನ್ನೆಲ್ಲ ಹೇಳುತ್ತಿರುವವನು ಯಾರೆಂಬುದನ್ನು ಮಾತ್ರ ನಾವು ಮರೆಯಬಾರದು. ಹೇಳುವವನು ಡಾಕ್ಟರ್ ವಾಟ್ಸನ್. ಹೋಮ್ಸನ ಜೊತೆಗೆ ಒಂದೇ ಮನೆಯಲ್ಲಿದ್ದವನು, ಅವನ ಪರಮಮಿತ್ರ. ಅದೇ ಮೊಕದ್ದಮೆಗಳನ್ನು ಲೆಸ್ಟ್ರೇಡನ ಕೈಕೆಳಗಿನ ಕಾನ್‌ಸ್ಟೇಬಲ್ ಒಬ್ಬ ಬರೆದಿದ್ದರೆ ಹೋಮ್ಸನ ಮೂಗಿಗೂ ಯಾವುದಾದರೊಂದು ಹಕ್ಕಿಯ ಹೆಸರು ಅಂಟಿಕೊಳ್ಳುತ್ತಿತ್ತೋ ಏನೋ.

ಆ ಕಾಲದ ಇಂಗ್ಲೆಂಡು ಪೋಲೀಸರನ್ನು ನೋಡಿ ನಗುವುದಕ್ಕೆ ಕಾರಣವೂ ಇತ್ತು. ಲಂಡನ್ನಿನ ಮೆಟ್ರೊಪಾಲಿಟನ್ ಪೋಲೀಸು ದಳ ಹುಟ್ಟಿದ್ದು 1829ರಲ್ಲಿ. ಪತ್ತೇದಾರಿಗೆಂದೇ ಒಂದು ಶಾಖೆಯನ್ನು ತೆರೆದದ್ದು 1842ರಲ್ಲಿ. ಆಗ ಅದರಲ್ಲಿದ್ದವರು ಕೇವಲ 8 ಮಂದಿ. ಮೊದಮೊದಲು ಜನ ಇವರನ್ನು ಬೆರಗಿನಿಂದಲೇ ನೋಡಿದರು. ಡಿಕನ್ಸ್ ಬರೆದ ‘ಬ್ಲೀಕ್ ಹೌಸ್’ ಕಾದಂಬರಿಯ ಇನ್‌ಸ್ಪೆಕ್ಟರ್ ಬಕೆಟ್, ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಕಾದಂಬರಿಯ ಸಾರ್ಜೆಂಟ್ ಕಫ್, ಇವರಿಬ್ಬರೂ ಪೋಲೀಸರೇ, ಇಬ್ಬರೂ ಜಾಣರೇ. ಆದರೆ 1877ರಲ್ಲಿ ಒಂದು ಅನಾಹುತವಾಯಿತು. ಕುದುರೆ ಜೂಜಿನ ವಂಚಕರಿಂದ ಲಂಚ ತಿಂದು ಅವರಿಗೆ ಗುಟ್ಟು ಬಿಟ್ಟುಕೊಡುತ್ತಿದ್ದ ಸ್ಕಾಟ್ಲೆಂಡ್ ಯಾರ್ಡಿನ ಮೂವರು ಹಿರಿಯ ಪತ್ತೇದಾರಿ ಅಧಿಕಾರಿಗಳು ತಾವೇ ಕಟಕಟೆ ಹತ್ತಿ ಸೆರೆಮನೆಗೆ ಹೋದರು. ಇಡೀ ಶಾಖೆಯನ್ನು ಮಾರನೆಯ ವರ್ಷ ಕಿತ್ತು ಹೊಸದಾಗಿ ಕಟ್ಟಬೇಕಾಯಿತು. ಲೆಸ್ಟ್ರೇಡ್ ಓದುಗರ ಮುಂದೆ ಬಂದು ನಿಂತದ್ದು ಇದಾದ ಹತ್ತು ವರ್ಷಕ್ಕೆ. ಯಾರೋ ಮಾಡಿದ ಪಾಪ ಇನ್ನಾರದೋ ಕೊರಳಿಗೆ ಎಂಬ ಹಾಗೆ ಆ ನಗೆಯ ಸಾಲವನ್ನೆಲ್ಲ ಅವನೇ ತೀರಿಸಬೇಕಾಯಿತು.

ಇನ್ನು ಅವನ ದಡ್ಡತನದ ವಿಚಾರ. ಮೊದಲ ಕಾದಂಬರಿಯಲ್ಲಿ ಬ್ರಿಕ್ಸ್‌ಟನ್ ರಸ್ತೆಯ ಪಾಳುಮನೆಯೊಂದರಲ್ಲಿ ಡ್ರೆಬ್ಬರ್ ಎಂಬುವನ ಹೆಣ ಬಿದ್ದಿದೆ. ಗೋಡೆಯ ಕತ್ತಲ ಮೂಲೆಯಲ್ಲಿ ರಕ್ತದಿಂದ ಬರೆದ ‘ರಾಖೆ’ ಎಂಬ ಐದಕ್ಷರದ ಪದವನ್ನು ಲೆಸ್ಟ್ರೇಡ್ ಕಡ್ಡಿ ಗೀರಿ ತೋರಿಸಿ, ಕೊಲೆಗಾರ ‘ರೇಚೆಲ್’ ಎಂಬ ಹೆಂಗಸಿನ ಹೆಸರನ್ನು ಪೂರ್ತಿ ಬರೆಯುವಷ್ಟರಲ್ಲಿ ಅಡ್ಡಿಯಾಗಿದೆ ಎನ್ನುತ್ತಾನೆ. ಅದು ಜರ್ಮನ್ ಭಾಷೆಯಲ್ಲಿ ‘ಸೇಡು’ ಎಂಬ ಪದವೆಂದು ಹೋಮ್ಸ್ ಹೇಳುತ್ತಾನೆ. ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ಮೂಲೆಗೆ ಬೆಳಕು ಹಿಡಿದು ಆ ಬರಹವನ್ನು ಕಂಡುಹಿಡಿದವನು ಲೆಸ್ಟ್ರೇಡ್. ಅದೇ ಕಾದಂಬರಿಯಲ್ಲಿ ಮುಂದೆ ಸತ್ತವನ ಕಾರ್ಯದರ್ಶಿಯನ್ನು ಹುಡುಕಿಕೊಂಡು ಯೂಸ್ಟನ್ ನಿಲ್ದಾಣದ ಸುತ್ತಮುತ್ತಲ ಹೋಟೆಲುಗಳ ಬಾಗಿಲನ್ನು ಒಂದೊಂದಾಗಿ ತಟ್ಟಿದವನೂ ಅವನೇ. ಒಂದು ಸಂಜೆಯೆಲ್ಲ ಅಲೆದು ಸಿಕ್ಕದೆ, ಮಾರನೆಯ ಬೆಳಗಾಗುತ್ತಲೇ ಮತ್ತೆ ಹೊರಟು, ಕೊನೆಗೆ ಎರಡನೆಯ ಹೆಣವನ್ನೂ ಅದರ ಬಳಿಯಿದ್ದ ಮಾತ್ರೆಗಳ ಪುಟ್ಟ ಡಬ್ಬಿಯನ್ನೂ ಕಂಡ. ಆ ಮಾತ್ರೆಗಳನ್ನು ನೋಡಿದ ಮೇಲೆಯೇ ಹೋಮ್ಸ್ ತನ್ನ ಸರಪಣಿಯ ಕಡೆಯ ಕೊಂಡಿ ಸಿಕ್ಕಿತೆಂದು ಕುಣಿದದ್ದು. ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಬಂದವನಿಗೆ ಅದರ ಬೆಲೆ ತಿಳಿದಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ತಂದವನು ಅವನು ತಾನೆ?

ನನ್ನ ಮನಸ್ಸನ್ನು ನಿಜವಾಗಿ ತಿರುಗಿಸಿದ್ದು ಬಾಸ್ಕಂ ಕಣಿವೆಯ ಕಥೆ. ಹಳ್ಳಿಯೊಂದರ ಕೊಳದ ಬಳಿ ಮೆಕಾರ್ಥಿ ಎಂಬ ರೈತನ ಕೊಲೆಯಾಗಿದೆ. ಅಪ್ಪನೊಡನೆ ಜಗಳವಾಡಿದ ಮಗನನ್ನು ಅಲ್ಲಿನ ಪೋಲೀಸರು ಹಿಡಿದಿದ್ದಾರೆ. ಮಗನೇ ಕೊಂದನೆಂದು ಲೆಸ್ಟ್ರೇಡನೂ ನಂಬಿದ್ದಾನೆ. ಹೋಮ್ಸ್ ನೆಲದ ಮೇಲೆ ಮಲಗಿ, ಹುಲ್ಲು ಬಗೆದು, ಸಿಗಾರಿನ ಬೂದಿಯನ್ನು ಪರೀಕ್ಷಿಸಿ, ಕೊಂದವನು ಎತ್ತರದ ಆಳು, ಎಡಗೈಯವನು, ಬಲಗಾಲು ಕುಂಟುತ್ತಾನೆ, ಭಾರತದ ಸಿಗಾರು ಸೇದುತ್ತಾನೆ, ಅವನ ಜೇಬಿನ ಚಾಕು ಮೊಂಡು ಎಂದು ಒಂದೇ ಉಸಿರಿಗೆ ಹೇಳುತ್ತಾನೆ. ಲೆಸ್ಟ್ರೇಡ್ ನಗುತ್ತಾನೆ. ಎಡಗೈಯ ಕುಂಟನನ್ನು ಹುಡುಕಿಕೊಂಡು ಊರೂರು ತಿರುಗಿದರೆ ತನ್ನ ಕಛೇರಿಯಲ್ಲಿ ತಾನು ನಗೆಪಾಟಲಾಗುತ್ತೇನೆಂದು ಹೇಳಿ ಹೊರಟುಹೋಗುತ್ತಾನೆ. ಇಲ್ಲಿಯವರೆಗೆ ತಪ್ಪು ಅವನದೇ. ಅವನು ಆ ಸುತ್ತಿನಲ್ಲಿ ಎರಡು ಮನೆ ವಿಚಾರಿಸಿದ್ದರೆ ಸಾಕಿತ್ತು.

ಆದರೆ ಮುಂದೆ ನಡೆದದ್ದೇನು? ಕೊಂದವನು ಟರ್ನರ್ ಎಂಬ ಮುದಿ ಜಮೀನುದಾರ, ಸಾವಿನ ಅಂಚಿನಲ್ಲಿರುವ ರೋಗಿ. ಅವನು ಹೋಮ್ಸನ ಮುಂದೆ ತಪ್ಪೊಪ್ಪಿಕೊಂಡು ರುಜು ಹಾಕುತ್ತಾನೆ. ಹೋಮ್ಸ್ ಆ ಕಾಗದವನ್ನು ತನ್ನಲ್ಲಿಯೇ ಇಟ್ಟುಕೊಂಡು, ಮಗನ ವಕೀಲನಿಗೆ ಸಾಕಷ್ಟು ಆಕ್ಷೇಪಣೆಗಳನ್ನು ಬರೆದುಕೊಟ್ಟು, ಮಗ ಬಿಡುಗಡೆಯಾಗುವಂತೆ ಮಾಡುತ್ತಾನೆ. ಟರ್ನರ್ ಏಳು ತಿಂಗಳು ಬದುಕಿದ್ದು ತನ್ನ ಹಾಸಿಗೆಯಲ್ಲೇ ಸಾಯುತ್ತಾನೆ. ಕರುಣೆಯ ದೃಷ್ಟಿಯಿಂದ ನೋಡಿದರೆ ಇದು ಸೊಗಸಾದ ಮುಕ್ತಾಯ. ಓದುವಾಗ ನನ್ನ ಕಣ್ಣೂ ತೇವವಾಯಿತು. ಆದರೆ ಸರಕಾರಿ ದಫ್ತರಿನಲ್ಲಿ ಆ ಮೊಕದ್ದಮೆ ಏನೆಂದು ಉಳಿಯಿತು? ಆರೋಪಿ ಖುಲಾಸೆ, ಕೊಲೆಗಾರ ಪತ್ತೆಯಾಗಲಿಲ್ಲ ಎಂದು. ಮೇಲಧಿಕಾರಿಗೆ ಉತ್ತರ ಕೊಡಬೇಕಾದವನು ಯಾರು? ಲೆಸ್ಟ್ರೇಡ್.

ಹೋಮ್ಸ್ ಹೀಗೆ ಬಿಟ್ಟುಕೊಟ್ಟದ್ದು ಒಂದೇ ಸಲವಲ್ಲ. ನೀಲಿ ಹರಳಿನ ಕಥೆಯಲ್ಲಿ ಕಳ್ಳನನ್ನು ಬಾಗಿಲು ತೆರೆದು ಹೊರಕ್ಕಟ್ಟುತ್ತಾನೆ. ಆಬಿ ಗ್ರೇಂಜ್ ಕಥೆಯಲ್ಲಿ ವಾಟ್ಸನ್ನನನ್ನೇ ಪಂಚರ ಸ್ಥಾನದಲ್ಲಿ ಕೂರಿಸಿ, ತಾನೇ ನ್ಯಾಯಾಧೀಶನಾಗಿ, ಕೊಂದವನನ್ನು ನಿರ್ದೋಷಿಯೆಂದು ಕಳುಹಿಸುತ್ತಾನೆ. 1904ರ ಮಿಲ್ವರ್ಟನ್ ಕಥೆಯಲ್ಲಂತೂ ಹೋಮ್ಸನೂ ವಾಟ್ಸನ್ನನೂ ಮುಖವಾಡ ಹಾಕಿ ಒಬ್ಬನ ಮನೆಗೆ ಕನ್ನಹಾಕುತ್ತಾರೆ, ಕಣ್ಣೆದುರೇ ಕೊಲೆಯಾಗುವುದನ್ನು ನೋಡುತ್ತಾರೆ, ಗೋಡೆ ಹಾರಿ ಓಡಿಬರುತ್ತಾರೆ. ಮಾರನೆಯ ಬೆಳಿಗ್ಗೆ ಲೆಸ್ಟ್ರೇಡ್ ಬಂದು ಈ ಕೊಲೆಯ ತನಿಖೆಗೆ ಸಹಾಯ ಬೇಡುತ್ತಾನೆ. ಇಬ್ಬರು ಕಳ್ಳರು, ಒಬ್ಬನು ಮಧ್ಯಮ ಎತ್ತರ, ಗಟ್ಟಿ ಮೈಕಟ್ಟು, ಚೌಕ ದವಡೆ, ದಪ್ಪ ಕೊರಳು, ಮೀಸೆ ಎಂದು ವರ್ಣಿಸುತ್ತಾನೆ. ಅದು ವಾಟ್ಸನ್ನನ ವರ್ಣನೆಯಂತಿದೆಯಲ್ಲ ಎಂದು ಹೋಮ್ಸ್ ಹಾಸ್ಯ ಮಾಡುತ್ತಾನೆ, ಲೆಸ್ಟ್ರೇಡನೂ ನಗುತ್ತಾನೆ. ಇಲ್ಲಿ ಓದುಗರು ಬಿದ್ದು ಬಿದ್ದು ನಗುತ್ತಾರೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಒಂದೇ ರಾತ್ರಿಯಲ್ಲಿ ಅವನು ಸಂಗ್ರಹಿಸಿದ ಚಹರೆ ಕೂದಲೆಳೆಯಷ್ಟೂ ತಪ್ಪಿಲ್ಲ. ತಾನು ನಂಬಿದ ಮನೆಯಲ್ಲೇ ತಾನು ಹುಡುಕುತ್ತಿರುವವರು ಕುಳಿತಿದ್ದಾರೆಂದು ಯಾವನು ತಾನೆ ಊಹಿಸಿಯಾನು? ಇದನ್ನು ದಡ್ಡತನವೆನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

1908ರ ಬ್ರೂಸ್-ಪಾರ್ಟಿಂಗ್ಟನ್ ನಕ್ಷೆಗಳ ಕಥೆಯಲ್ಲಿಯೂ ಇಂತಹುದೇ ಒಂದು ಸಂದರ್ಭವಿದೆ. ಹೋಮ್ಸ್ ಗೂಢಚಾರನೊಬ್ಬನ ಮನೆಯ ಬೀಗ ಮುರಿದು ಒಳಹೊಕ್ಕು ಸಾಕ್ಷ್ಯ ತರುತ್ತಾನೆ. ಇದನ್ನು ಕೇಳಿ ಲೆಸ್ಟ್ರೇಡ್ ತಲೆಯಾಡಿಸುತ್ತಾನೆ. ತಮ್ಮ ದಳದಲ್ಲಿ ಹೀಗೆ ಮಾಡುವಂತಿಲ್ಲ, ಹೋಮ್ಸನಿಗೆ ಹೆಚ್ಚಿನ ಜಯ ಸಿಕ್ಕುವುದರಲ್ಲಿ ಸೋಜಿಗವೇನೂ ಇಲ್ಲ, ಆದರೆ ಎಂದಾದರೊಂದು ದಿನ ಇದು ಮಿತಿಮೀರಿ ಅವರಿಗೇ ತೊಂದರೆಯಾದೀತು ಎಂಬರ್ಥದ ಮಾತನ್ನಾಡುತ್ತಾನೆ. ಹೋಮ್ಸನ ಕಥೆಗಳಲ್ಲಿ ಈ ಮಾತನ್ನು ಇಷ್ಟು ನೇರವಾಗಿ ಆಡಿದವರು ಬೇರೆ ಯಾರನ್ನೂ ನಾನು ಕಂಡಿಲ್ಲ. ವಾರಂಟು ಬೇಕು, ಅದಕ್ಕೆ ಮ್ಯಾಜಿಸ್ಟ್ರೇಟರ ರುಜು ಬೇಕು, ಸಾಕ್ಷಿಗಳು ನ್ಯಾಯಾಲಯದಲ್ಲಿ ನಿಲ್ಲಬೇಕು, ಎದುರು ವಕೀಲನ ಪಾಟೀಸವಾಲಿಗೆ ತಡೆಯಬೇಕು. ಲೆಸ್ಟ್ರೇಡನ ಕಾಲಿಗೆ ಕಟ್ಟಿದ ಗುಂಡುಗಳು ಇವು. ಈ ಗುಂಡುಗಳಿಲ್ಲದವನೊಡನೆ ಅವನನ್ನು ಓಟಕ್ಕೆ ಬಿಟ್ಟು, ಹಿಂದೆ ಬಿದ್ದನೆಂದು ನಗುತ್ತೇವೆ. ಆ ಗುಂಡುಗಳನ್ನು ಬಿಚ್ಚಿಹಾಕಿದ ಪೋಲೀಸಿನವನು ನಮ್ಮ ಮನೆಯ ಬಾಗಿಲಿಗೆ ಬಂದರೆ ಆಗ ನಗುತ್ತೇವೆಯೆ?

ಜಾಣ ಪೋಲೀಸಿನವನ ಗತಿ ಏನಾಗುತ್ತಿತ್ತೆಂಬುದಕ್ಕೆ ಆ ದೇಶದ ಇತಿಹಾಸದಲ್ಲಿಯೇ ನಿದರ್ಶನವಿದೆ. 1842ರ ಆ ಮೊದಲ ಪತ್ತೇದಾರರ ತಂಡಕ್ಕೆ ಸೇರಿದ ಜೊನಾಥನ್ ವಿಚರ್ ಎಂಬ ಅಧಿಕಾರಿಯನ್ನು 1860ರಲ್ಲಿ ರೋಡ್ ಎಂಬ ಹಳ್ಳಿಗೆ ಕಳುಹಿಸಿದರು. ದೊಡ್ಡ ಮನೆತನವೊಂದರಲ್ಲಿ ನಾಲ್ಕು ತುಂಬದ ಗಂಡುಮಗುವಿನ ಕೊಲೆಯಾಗಿತ್ತು. ಮನೆಯ ಬಟ್ಟೆಯ ಪಟ್ಟಿಯಲ್ಲಿ ಒಂದು ರಾತ್ರಿಯುಡುಪು ಕಡಮೆಯಿದ್ದುದನ್ನು ನೋಡಿ, ವಿಚರ್ ಆ ಮಗುವಿನ ಮಲಅಕ್ಕ, 16 ವರ್ಷದ ಕಾನ್‌ಸ್ಟೆನ್ಸ್ ಕೆಂಟಳನ್ನು ಬಂಧಿಸಿದ. ಉಡುಪು ಸಿಕ್ಕಲಿಲ್ಲ; ಮ್ಯಾಜಿಸ್ಟ್ರೇಟರು ಹುಡುಗಿಯನ್ನು ಬಿಟ್ಟರು. ಮರ್ಯಾದಸ್ಥರ ಮನೆಯ ಕನ್ಯೆಯ ಮೇಲೆ ಕೂಲಿಯವರ ಕುಲದ ಪೋಲೀಸಿನವನೊಬ್ಬ ಕೈಯಿಟ್ಟನೆಂದು ಪತ್ರಿಕೆಗಳು ಕೂಗಾಡಿದವು. ವಿಚರ್ 1864ರಲ್ಲಿ ಕೆಲಸದಿಂದ ನಿವೃತ್ತನಾದ. ಮಾರನೆಯ ವರ್ಷ ಕಾನ್‌ಸ್ಟೆನ್ಸ್ ತಾನಾಗಿಯೇ ಬಂದು ತಪ್ಪೊಪ್ಪಿಕೊಂಡಳು. ವಿಚರನ ಊಹೆ ಸರಿಯಾಗಿತ್ತು, ಸಾಕ್ಷ್ಯ ಮಾತ್ರ ಇರಲಿಲ್ಲ. ಸಾಕ್ಷ್ಯವಿಲ್ಲದೆ ಎಡಗೈಯ ಕುಂಟನ ಬೆನ್ನು ಹತ್ತುವುದಿಲ್ಲವೆಂದು ಲೆಸ್ಟ್ರೇಡ್ ಹಟ ಹಿಡಿದಾಗ ನನಗೆ ಈ ವಿಚರನ ನೆನಪು ಬಂತು. ಅಂತಹ ಕಛೇರಿಯಲ್ಲಿ ಬೆಳೆದವನಿಗೆ ಆ ಕಥೆ ಗೊತ್ತಿಲ್ಲದೆ ಇದ್ದೀತೆ?

ಇಷ್ಟೆಲ್ಲ ವಕಾಲತ್ತು ನಡೆಸಿದ ಮೇಲೆ ಎದುರು ಪಕ್ಷದ ಮಾತನ್ನೂ ಹೇಳಬೇಕು. ಹೇಳದಿದ್ದರೆ ನಾನೂ ವಾಟ್ಸನ್ನನಂತೆಯೇ ಆದೇನು. ಲೆಸ್ಟ್ರೇಡನ ಮೇಲಿನ ನಿಜವಾದ ಆರೋಪ ದಡ್ಡತನವಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಹಟ. 1903ರಲ್ಲಿ ಬಂದ ನಾರ್ವುಡ್ಡಿನ ಕಂಟ್ರಾಕ್ಟರನ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಓಲ್ಡೇಕರ್ ಎಂಬ ಮುದುಕ ಮಾಯವಾಗಿದ್ದಾನೆ. ಅವನ ಮರದ ದಾಸ್ತಾನಿಗೆ ಬೆಂಕಿ ಬಿದ್ದು ಬೂದಿಯಲ್ಲಿ ಏನೋ ಸುಟ್ಟ ಅವಶೇಷ ಸಿಕ್ಕಿದೆ. ಹಿಂದಿನ ದಿನವಷ್ಟೇ ಅವನು ಆಸ್ತಿಯನ್ನು ಮೆಕ್‌ಫಾರ್ಲೇನ್ ಎಂಬ ಯುವಕ ವಕೀಲನ ಹೆಸರಿಗೆ ಬರೆದಿದ್ದಾನೆ. ಯುವಕನ ಕೋಲು ಅಲ್ಲೇ ಬಿದ್ದಿದೆ. ಲೆಸ್ಟ್ರೇಡ್ ಹುಡುಗನನ್ನು ಹೋಮ್ಸನ ಮನೆಯಲ್ಲೇ ಬಂಧಿಸುತ್ತಾನೆ. ಮರುದಿನ ಗೋಡೆಯ ಮೇಲೆ ರಕ್ತದ ಹೆಬ್ಬೆರಳ ಗುರುತೂ ಕಾಣಿಸುತ್ತದೆ; ಅದು ಹುಡುಗನದೇ. ಆಗ ಲೆಸ್ಟ್ರೇಡನ ಜಂಬವನ್ನು ನೋಡಬೇಕು! ಈ ಮೊಕದ್ದಮೆಯನ್ನು ಬಿಟ್ಟುಬಿಡುವುದೇ ಒಳ್ಳೆಯದೆಂದು ಹೋಮ್ಸನಿಗೆ ತಂತಿ ಕೊಡುತ್ತಾನೆ. ಹಿಂದಿನ ದಿನ ಆ ಗೋಡೆಯ ಮೇಲೆ ಗುರುತು ಇರಲಿಲ್ಲವೆಂಬುದನ್ನು ಹೋಮ್ಸ್ ಕಂಡಿದ್ದ. ಮಹಡಿಯ ಓಣಿ ಕೆಳಗಿನದಕ್ಕಿಂತ ಆರಡಿ ಮೋಟಾಗಿದೆಯೆಂಬುದನ್ನೂ ಅಳೆದಿದ್ದ. ಹುಲ್ಲಿಗೆ ಬೆಂಕಿಯಿಟ್ಟು ಎಲ್ಲರಿಂದ ‘ಬೆಂಕಿ, ಬೆಂಕಿ’ ಎಂದು ಕೂಗಿಸಿದೊಡನೆ, ಸತ್ತನೆಂದಿದ್ದ ಮುದುಕ ಗೋಡೆಯ ಗುಪ್ತ ಬಾಗಿಲಿನಿಂದ ಹೊರಕ್ಕೆ ಓಡಿ ಬರುತ್ತಾನೆ. ಯಾವಾಗಲೋ ಹುಡುಗ ಮೊಹರಿನ ಅರಗಿನ ಮೇಲೆ ಒತ್ತಿದ್ದ ಹೆಬ್ಬೆರಳಿನಿಂದ ಅಚ್ಚು ತೆಗೆದು ಗೋಡೆಗೆ ಒತ್ತಿದವನು ಅವನೇ.

ಬೆರಳಚ್ಚಿನ ವಿಷಯದಲ್ಲಿ ಒಂದು ಮಾತನ್ನು ನಡುವೆ ಹೇಳಿಬಿಡುತ್ತೇನೆ. ಈ ಕಥೆ ಪ್ರಕಟವಾಗುವುದಕ್ಕೆ ಎರಡೇ ವರ್ಷ ಮುಂಚೆ, 1901ರಲ್ಲಿ, ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಬೆರಳಚ್ಚಿನ ಶಾಖೆ ಪ್ರಾರಂಭವಾಗಿತ್ತು. ಅದನ್ನು ಅಲ್ಲಿಗೆ ಒಯ್ದ ಎಡ್ವರ್ಡ್ ಹೆನ್ರಿ ಬಂಗಾಳದಲ್ಲಿ ಪೋಲೀಸು ಮುಖ್ಯಾಧಿಕಾರಿಯಾಗಿದ್ದವರು. ಆ ಪದ್ಧತಿಯ ವರ್ಗೀಕರಣವನ್ನು ಕಲ್ಕತ್ತೆಯಲ್ಲಿ ಕುಳಿತು ಸಿದ್ಧಪಡಿಸುವುದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಸಬ್‌ಇನ್‌ಸ್ಪೆಕ್ಟರುಗಳ ಪಾಲು ದೊಡ್ಡದು. ಅವರೂ ಲೆಸ್ಟ್ರೇಡನ ಜಾತಿಯವರೇ: ಸಂಬಳದ ನೌಕರರು, ಕಡತದ ಹುಳುಗಳು. ಅವರ ಹೆಸರು ಹೇಳುವುದಕ್ಕೆ ಯಾವ ವಾಟ್ಸನ್ನನೂ ಇರಲಿಲ್ಲ.

ಮೆಕ್‌ಫಾರ್ಲೇನನ ವಿಷಯಕ್ಕೆ ಬರೋಣ. ಹೋಮ್ಸ್ ಇಲ್ಲದಿದ್ದರೆ ಆ ಹುಡುಗ ನೇಣುಗಂಬ ಏರುತ್ತಿದ್ದ. ಇದಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ಸಮಾಧಾನವಿಲ್ಲದಿರುವುದಕ್ಕೆ ಸ್ವಂತ ಕಾರಣವೂ ಒಂದಿದೆ. ಎರಡು ವರ್ಷದ ಹಿಂದೆ ಪರೀಕ್ಷೆಯ ಶುಲ್ಕಕ್ಕೆಂದು ನಾನು ತಂದಿಟ್ಟಿದ್ದ ಹಣ ಕಾಣೆಯಾಯಿತು. ಕೋಣೆಯಲ್ಲಿ ಆ ಸಂಜೆ ಇದ್ದವನು ಒಬ್ಬನೇ ಗೆಳೆಯ. ಮಾರನೆಯ ದಿನ ಅವನ ಕಾಲಲ್ಲಿ ಹೊಸ ಚಪ್ಪಲಿ. ಕೇಳಿದರೆ ಮುಖ ಕೆಂಪಾಯಿತು. ಇನ್ನೇನು ಬೇಕು? ಹತ್ತು ಜನರ ಮುಂದೆ ಅವನ ಪೆಟ್ಟಿಗೆಯನ್ನು ತೆಗೆಸಿ ನೋಡಿದೆ. ಏನೂ ಸಿಕ್ಕಲಿಲ್ಲ, ಬಚ್ಚಿಟ್ಟಿದ್ದಾನೆಂದುಕೊಂಡೆ. ಹದಿನೈದು ದಿನಗಳಾದ ಮೇಲೆ, ನಾನು ಗ್ರಂಥಾಲಯಕ್ಕೆ ಹಿಂತಿರುಗಿಸಿದ್ದ ಪುಸ್ತಕವನ್ನು ಎರವಲು ಪಡೆದ ವಿದ್ಯಾರ್ಥಿನಿಯೊಬ್ಬರು ಅದರ ಹಾಳೆಗಳ ನಡುವೆ ಇದ್ದ ನೋಟುಗಳನ್ನು ತಂದೊಪ್ಪಿಸಿದರು. ಆ ಗೆಳೆಯ ಈಗಲೂ ನನ್ನೊಡನೆ ಮಾತನಾಡುತ್ತಾನೆ, ನಾನು ಕೇಳಿದ್ದಕ್ಕೆ ಮಾತ್ರ. ಹೊಸ ಚಪ್ಪಲಿಯನ್ನು ನೋಡಿ ತೀರ್ಮಾನಕ್ಕೆ ಬಂದ ಗಳಿಗೆಯಲ್ಲಿ ನಾನು ನನ್ನನ್ನು ಲೆಸ್ಟ್ರೇಡ್ ಎಂದು ಭಾವಿಸಿರಲಿಲ್ಲ. ಷೆರ್ಲಾಕ್ ಹೋಮ್ಸ್ ಎಂದು ಭಾವಿಸಿದ್ದೆ. ಲೆಸ್ಟ್ರೇಡನೂ ಹೆಬ್ಬೆರಳ ಗುರುತನ್ನು ನೋಡಿ ಕೈ ಉಜ್ಜಿಕೊಂಡಾಗ ಹಾಗೆಯೇ ಭಾವಿಸಿದ್ದಿರಬೇಕು.

ಆದರೆ ಮುದುಕ ಹೊರಗೆ ಬಿದ್ದ ಮೇಲೆ ಅವನು ಹೇಗೆ ನಡೆದುಕೊಂಡನೆಂಬುದನ್ನು ಗಮನಿಸಬೇಕು. ಹೋಮ್ಸನ ಮುಂದೆ ಅವನ ಜಂಬವೆಲ್ಲ ಇಳಿದು, ಮೇಷ್ಟರ ಮುಂದಿನ ಹುಡುಗನಂತಾಗುತ್ತಾನೆ. ನಿರಪರಾಧಿಯೊಬ್ಬನ ಪ್ರಾಣ ಉಳಿಯಿತೆಂದು ಮೊದಲು ಹೇಳುತ್ತಾನೆ. ತನ್ನ ಹೆಸರು ಕೆಡುವುದು ತಪ್ಪಿತೆಂಬುದನ್ನು ಆಮೇಲೆ ಹೇಳುತ್ತಾನೆ. ಈ ಅನುಕ್ರಮ ನನಗೆ ಬಹಳ ಹಿಡಿಸಿತು. ನನ್ನ ನೋಟುಗಳು ಸಿಕ್ಕಿದ ದಿನ ನನಗೆ ಮೊದಲು ಹೊಳೆದದ್ದು, ಹುಡುಗರು ನನ್ನನ್ನು ಏನೆಂದಾರು ಎಂಬುದು.

ತಪ್ಪನ್ನು ಒಪ್ಪಿಕೊಳ್ಳುವುದು ಆ ಉದ್ಯೋಗದಲ್ಲಿ ಎಷ್ಟು ಅಪರೂಪವೆಂಬುದನ್ನು ಕಾನನ್ ಡಾಯ್ಲ್ ತಮ್ಮ ಬಾಳಿನಲ್ಲಿಯೇ ಕಂಡರು. ಮುಂಬಯಿಯಿಂದ ಹೋಗಿ ಇಂಗ್ಲೆಂಡಿನಲ್ಲಿ ಪಾದ್ರಿಯಾಗಿದ್ದ ಪಾರ್ಸಿ ಮೂಲದ ಷಾಪುರ್ಜಿ ಎಡಲ್ಜಿಯವರ ಮಗ ಜಾರ್ಜ್ ಎಡಲ್ಜಿ ಎಂಬ ಯುವಕ ವಕೀಲನನ್ನು, ರಾತ್ರಿಯ ಹೊತ್ತು ಗದ್ದೆ ಬಯಲಿನಲ್ಲಿ ಕುದುರೆಯ ಹೊಟ್ಟೆ ಸೀಳಿದನೆಂಬ ಆರೋಪದ ಮೇಲೆ ಸ್ಟಾಫರ್ಡ್‌ಷೈರಿನ ಪೋಲೀಸರು 1903ರಲ್ಲಿ ಹಿಡಿದರು. 7 ವರ್ಷದ ಕಠಿಣ ಶಿಕ್ಷೆಯಾಯಿತು. 3 ವರ್ಷ ಕಳೆದು ಬಿಡುಗಡೆಯಾದರೂ ಕಳಂಕ ಹೋಗಲಿಲ್ಲ. ಡಾಯ್ಲ್ ಅವನನ್ನು ಭೇಟಿಯಾಗಲು ಹೋದಾಗ ಅವನು ವೃತ್ತಪತ್ರಿಕೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದ. ಕಣ್ಣಿನ ವೈದ್ಯವನ್ನೂ ಕಲಿತಿದ್ದ ಡಾಯ್ಲರಿಗೆ ಅಷ್ಟು ಸಾಕಾಯಿತು: ಇಷ್ಟು ಮಂದದೃಷ್ಟಿಯವನು ಕತ್ತಲಲ್ಲಿ ಹೊಲ, ಬೇಲಿ, ರೈಲುಹಳಿ ದಾಟಿ ಹೋಗಿ ಆ ಕೆಲಸ ಮಾಡಿಯಾನೆ? 1907ರಲ್ಲಿ ಅವರು ಪತ್ರಿಕೆಯಲ್ಲಿ ಬರೆದು ಗದ್ದಲವೆಬ್ಬಿಸಿದ ಮೇಲೆ ಸರಕಾರ ಎಡಲ್ಜಿಗೆ ಕ್ಷಮಾದಾನ ಕೊಟ್ಟಿತು, ಪರಿಹಾರ ಮಾತ್ರ ಕೊಡಲಿಲ್ಲ. ಅದೇ ವರ್ಷ ಕ್ರಿಮಿನಲ್ ಮೇಲ್ಮನವಿಯ ನ್ಯಾಯಾಲಯ ಸ್ಥಾಪನೆಯಾಗುವುದಕ್ಕೆ ಈ ಮೊಕದ್ದಮೆಯೂ ಒಂದು ಕಾರಣ. ಆದರೆ ಆ ಜಿಲ್ಲೆಯ ಪೋಲೀಸು ಮುಖ್ಯಸ್ಥ ಕ್ಯಾಪ್ಟನ್ ಆನ್ಸನ್ ತನ್ನ ಅಭಿಪ್ರಾಯವನ್ನು ಬದಲಾಯಿಸಲೇ ಇಲ್ಲ. ಅವನು ಡಾಯ್ಲರ ಮನೆಯ ಮೆಟ್ಟಿಲನ್ನು ಹತ್ತಿ ಬರಲಿಲ್ಲ. ಲೆಸ್ಟ್ರೇಡ್ ಬೇಕರ್ ಬೀದಿಯ ಮೆಟ್ಟಿಲನ್ನು ಎಷ್ಟು ಸಲ ಹತ್ತಿ ಬಂದ! ಪ್ರತಿ ಸಲವೂ ಚುಚ್ಚುಮಾತು ಕಾದಿರುತ್ತದೆಂದು ಅವನಿಗೆ ಗೊತ್ತು. ಮದುಮಗಳೊಬ್ಬಳು ಕಾಣೆಯಾದ ಕಥೆಯಲ್ಲಿ ಅವನು ಸರ್ಪೆಂಟೈನ್ ಕೆರೆಯನ್ನು ಜಾಲಾಡಿ ಬಟ್ಟೆಯೆಲ್ಲ ಒದ್ದೆಯಾಗಿ ಬಂದು ಕುಳಿತರೆ, ಟ್ರಫಾಲ್ಗರ್ ಚೌಕದ ಕಾರಂಜಿಯ ತೊಟ್ಟಿಯನ್ನೂ ಜಾಲಾಡಿದೆಯಾ ಎಂದು ಹೋಮ್ಸ್ ಕೇಳುತ್ತಾನೆ. ನಾನಾಗಿದ್ದರೆ ಅಂದೇ ಆ ಮನೆಯ ಋಣ ತೀರಿತೆನ್ನುತ್ತಿದ್ದೆ. ಅವನು ಮತ್ತೆ ಬಂದ.

ಬಂದು ಬಂದು ಕಲಿತನೆಂಬುದಕ್ಕೂ ಕಥೆಗಳಲ್ಲಿಯೇ ಆಧಾರವಿದೆ. ಹೌಂಡ್ ಕಾದಂಬರಿಯಲ್ಲಿ ಮಂಜಿನೊಳಗಿಂದ ಬೆಂಕಿಯುಗುಳುವಂತಹ ನಾಯಿ ಹಾರಿ ಬಂದಾಗ ಲೆಸ್ಟ್ರೇಡ್ ಚೀರಿ ನೆಲಕ್ಕೆ ಬೋರಲು ಬಿದ್ದನೆಂಬುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಒಂದು ತಂತಿ ಹೋದೊಡನೆ, ರುಜು ಇಲ್ಲದ ವಾರಂಟನ್ನು ಜೇಬಿಗಿಟ್ಟು, ಲಂಡನ್ನಿನಿಂದ ಡೆವನ್ನಿನವರೆಗೆ ರೈಲು ಹತ್ತಿ ಬಂದವನು ಅವನೆಂಬುದನ್ನು ಯಾರೂ ನೆನೆಯುವುದಿಲ್ಲ. ಪ್ರಜ್ಞೆ ತಪ್ಪಿದ ಸರ್ ಹೆನ್ರಿಯ ಬಾಯಿಗೆ ಬ್ರಾಂದಿ ಬಿಟ್ಟವನೂ ಅವನೇ. ‘ಎರಡನೆಯ ಕಲೆ’ ಎಂಬ 1904ರ ಕಥೆಯಂತೂ ಆ ಹೆಸರಿಗೇ ಅವನಿಗೆ ಋಣಿ. ಕೊಲೆಯಾದ ಕೋಣೆಯ ಜಮಖಾನದ ಮೇಲೆ ರಕ್ತದ ಕಲೆಯಿದೆ. ಅದನ್ನೆತ್ತಿದರೆ ಅದರ ಕೆಳಗಿನ ಹಲಗೆಯ ಮೇಲೆ ಕಲೆಯಿಲ್ಲ. ಬೇರೊಂದು ಮೂಲೆಯನ್ನೆತ್ತಿದರೆ ಅಲ್ಲಿದೆ. ಯಾರೋ ಜಮಖಾನವನ್ನು ತಿರುಗಿಸಿ ಹಾಸಿದ್ದಾರೆ. ಇದನ್ನು ಕಂಡವನು ಹೋಮ್ಸನಲ್ಲ, ಲೆಸ್ಟ್ರೇಡ್. ಕಂಡವನು ಅದನ್ನು ಮುಚ್ಚಿಡದೆ ಹೋಮ್ಸನಿಗೆ ಹೇಳಿಕಳುಹಿಸಿದ. ಅಲ್ಲಿಂದ ಮುಂದಕ್ಕೆ ಬಿಡಿಸಿದವನು ಹೋಮ್ಸ್, ನಿಜ. ಕಾವಲಿನ ಪೇದೆಯನ್ನು ಗದರಿಸುವ ಕೆಲಸಕ್ಕೆ ಲೆಸ್ಟ್ರೇಡನನ್ನು ಪಕ್ಕದ ಕೋಣೆಗೆ ಕಳುಹಿಸಿ, ಆ ಸಮಯದಲ್ಲಿ ಹೋಮ್ಸ್ ನೆಲದ ಹಲಗೆಯನ್ನು ತಡಕಿದನೆಂಬುದೂ ನಿಜ.

ಅದೇ ವರ್ಷದ ‘ಆರು ನೆಪೋಲಿಯನ್ನರು’ ಕಥೆಯ ಕೊನೆಯನ್ನು ನಮ್ಮ ವಿದ್ಯಾರ್ಥಿನಿಲಯದ ಮಿತ್ರರು ಇನ್ನೊಮ್ಮೆ ಓದಬೇಕೆಂದು ನನ್ನ ಬಿನ್ನಹ. ಸುಣ್ಣದ ಬೊಂಬೆಯನ್ನು ಒಡೆದು ಹೋಮ್ಸ್ ಕಪ್ಪು ಮುತ್ತನ್ನು ಹೊರತೆಗೆದಿದ್ದಾನೆ. ವಾಟ್ಸನ್ನನೂ ಲೆಸ್ಟ್ರೇಡನೂ ಒಟ್ಟಿಗೆ ಚಪ್ಪಾಳೆ ತಟ್ಟಿದ್ದಾರೆ. ಆಗ ಲೆಸ್ಟ್ರೇಡ್, ಇಷ್ಟು ವರ್ಷ ಆ ಮನೆಯಲ್ಲಿ ಕುಹಕ ಕೇಳಿದವನು, ಸ್ಕಾಟ್ಲೆಂಡ್ ಯಾರ್ಡಿನಲ್ಲಿ ತಮಗೆ ಹೋಮ್ಸನ ಮೇಲೆ ಹೊಟ್ಟೆಕಿಚ್ಚಿಲ್ಲ, ಹೆಮ್ಮೆಯಿದೆ ಎನ್ನುತ್ತಾನೆ. ನಾಳೆ ಅವನು ಅಲ್ಲಿಗೆ ಬಂದರೆ ಅತಿ ಹಿರಿಯ ಇನ್‌ಸ್ಪೆಕ್ಟರನಿಂದ ಅತಿ ಕಿರಿಯ ಪೇದೆಯವರೆಗೆ ಎಲ್ಲರೂ ಅವನ ಕೈಕುಲುಕಲು ಸಂತೋಷಪಡುತ್ತಾರೆಂದು ಹೇಳುತ್ತಾನೆ. ಹೋಮ್ಸ್ ಮುಖ ತಿರುಗಿಸಿಕೊಳ್ಳುತ್ತಾನೆ. ಅವನು ಅಷ್ಟು ಮನಕರಗಿದ್ದನ್ನು ತಾನು ಕಂಡೇ ಇರಲಿಲ್ಲವೆಂದು ವಾಟ್ಸನ್ ಬರೆಯುತ್ತಾನೆ. ಮರುಕ್ಷಣವೇ ಹೋಮ್ಸ್ ಮೊದಲಿನಂತಾಗಿ, ಮುತ್ತನ್ನು ತಿಜೋರಿಯಲ್ಲಿಡಲು ಹೇಳಿ, ಇನ್ನೊಂದು ಮೊಕದ್ದಮೆಯ ಕಾಗದಗಳನ್ನು ಕೇಳಿ, ಲೆಸ್ಟ್ರೇಡನಿಗೆ ಹೋಗಿ ಬಾ ಎನ್ನುತ್ತಾನೆ. ಕಥೆ ಅಲ್ಲಿಗೆ ಮುಗಿಯಿತು. ಲೆಸ್ಟ್ರೇಡ್ ಆ ರಾತ್ರಿ ಏನು ಮಾಡಿದನೆಂದು ವಾಟ್ಸನ್ ಬರೆದಿಲ್ಲ. ಸೆರೆಯಲ್ಲಿ ಬೆಪ್ಪೋ ಎಂಬ ಕೊಲೆಗಾರನಿದ್ದ. ಸಾಕ್ಷಿಗಳ ಹೇಳಿಕೆ ಬರೆಯಬೇಕಾಗಿತ್ತು. ಒಡೆದ ಬೊಂಬೆಯ ಚೂರುಗಳಿಗೆಲ್ಲ ಪಟ್ಟಿ ಮಾಡಬೇಕಾಗಿತ್ತು. ಅವನು ಮನೆಗೆ ಹೋಗಿರಲಾರ, ಕಛೇರಿಗೇ ಹೋಗಿರಬೇಕು.